ಉಗ್ರಾಣದ ಮದ್ದಳೆಯ ಪರವಾಗಿ

ನಮ್ಮ ಕಾಲೇಜಿನ ಕ್ರೀಡಾ ಸಾಮಗ್ರಿಗಳ ಕೋಣೆಯಲ್ಲಿ, ಗಾಳಿ ಹೋದ ಎರಡು ಕಾಲ್ಚೆಂಡುಗಳಿಗೂ ಕಾಲು ಮುರಿದ ಒಂದು ಮೇಜಿಗೂ ನಡುವೆ, ಒಂದು ಮದ್ದಳೆಯೂ ಒಂದು ಚೆಂಡೆಯೂ ಬಿದ್ದುಕೊಂಡಿವೆ. ಎಷ್ಟು ವರ್ಷಗಳಿಂದ ಬಿದ್ದಿವೆಯೆಂದು ಹೇಳಬಲ್ಲವರು ಈಗ ಕಾಲೇಜಿನಲ್ಲಿ ಯಾರೂ ಇಲ್ಲ. ದಾಸ್ತಾನು ಪುಸ್ತಕದಲ್ಲಿ ಮಾತ್ರ ಅವು ಇಂದಿಗೂ ‘ಸುಸ್ಥಿತಿಯಲ್ಲಿವೆ’. ಮದ್ದಳೆಯ ಒಂದು ಮುಚ್ಚಿಗೆ ಹರಿದಿದೆ. ಬಾರುಗಳು ಒಣಗಿದ ಹಾಗಲಬಳ್ಳಿಯಂತೆ ಜೋತಾಡುತ್ತಿವೆ. ಚೆಂಡೆಯ ಒಳಗೆ ಇಲಿಯೊಂದು ಸಂಸಾರ ಹೂಡಿತ್ತೆಂಬುದಕ್ಕೆ ಸಾಕಷ್ಟು ಪುರಾವೆಗಳಿವೆ.

ಈ ವರ್ಷ ವಾರ್ಷಿಕೋತ್ಸವಕ್ಕೆ ಒಂದು ಯಕ್ಷಗಾನ ಪ್ರಸಂಗವನ್ನಾಡಬೇಕೆಂದು ನಮ್ಮ ಸಾಂಸ್ಕೃತಿಕ ಸಂಘವು ನಿಶ್ಚಯಿಸಿದಾಗ, ಅದರ ಬೆನ್ನಿಗೇ ಇನ್ನೊಂದು ನಿಶ್ಚಯವೂ ಆಯಿತು: ಹಳೆಯ ಜೋಡಿಯನ್ನು ದಾಸ್ತಾನಿನಿಂದ ತೆಗೆದುಹಾಕಿ ಹೊಸ ಜೋಡಿಯೊಂದನ್ನು ಕೊಳ್ಳುವುದು. ಕೈಯೆತ್ತಿದವರಲ್ಲಿ ನಾನೊಬ್ಬನು ಮಾತ್ರ ವಿರುದ್ಧವಾಗಿ ಎತ್ತಿದೆ. ನನಗೆ ಮಾತಾಡಲು ಎರಡು ನಿಮಿಷ ದೊರೆಯಿತು. ಅದರಲ್ಲಿ ಒಂದು ನಿಮಿಷ ಗೆಳೆಯರ ನಗುವಿನಲ್ಲಿ ಕಳೆಯಿತು. ಉಳಿದ ಒಂದು ನಿಮಿಷದಲ್ಲಿ ಹೇಳಲಾಗದುದನ್ನು, ಸಂಪಾದಕರ ಕೃಪೆಯಿಂದ, ಈ ಪುಟಗಳಲ್ಲಿ ಸಾವಧಾನವಾಗಿ ಹೇಳಬೇಕೆಂದಿದ್ದೇನೆ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ನಾನು ಹಳೆಯದೆಲ್ಲವೂ ಹೊನ್ನೆಂದು ನಂಬುವವನಲ್ಲ. ಕಾಲೇಜಿನ ಹಣವನ್ನು ಉಳಿಸಿ ಬೊಕ್ಕಸ ತುಂಬಿಸಬೇಕೆಂಬ ಜಿಪುಣತನವೂ ನನ್ನದಲ್ಲ. ನನ್ನ ವಾದವಿಷ್ಟೆ: ವಾದ್ಯವನ್ನು ಕೊಳ್ಳುವುದಕ್ಕಿಂತ ವಾದ್ಯವನ್ನು ಕಟ್ಟಿಸುವುದು ದೊಡ್ಡ ವಿದ್ಯೆ. ಆ ವಿದ್ಯೆ ನಮ್ಮ ಕೈತಪ್ಪಿದ ದಿನ, ನಾವು ಎಷ್ಟು ಹೊಸ ಮದ್ದಳೆಗಳನ್ನು ಕೊಂಡರೂ ಅವೆಲ್ಲ ಕ್ರಮಕ್ರಮವಾಗಿ ಇದೇ ಉಗ್ರಾಣಕ್ಕೆ ಬಂದು ಸೇರುವುವು.

ಈ ತಿಳಿವು ನನಗೆ ಹುಟ್ಟಿನಿಂದ ಬಂದದ್ದಲ್ಲ. ಹೊಸ ಮದ್ದಳೆಯೇ ಬೇಕೆಂದು ಹಟ ಹಿಡಿದವನು ಒಂದು ಕಾಲಕ್ಕೆ ನಾನೇ. ಅದರ ಕಥೆಯನ್ನು ಹೇಳಬೇಕಾಗಿದೆ.

ನಮ್ಮ ಮನೆಯಿರುವುದು ಸಾಗರದ ಹತ್ತಿರದ ವರದಹಳ್ಳಿಯ ಕಡೆ. ಶ್ರೀಧರಸ್ವಾಮಿಗಳ ಆಶ್ರಮವಿರುವ ಊರೆಂದು ವಾಚಕರಲ್ಲಿ ಅನೇಕರು ಅದನ್ನು ಬಲ್ಲರು. ಗುಡ್ಡದ ನೆರಳು, ಹರಿಯುವ ತೀರ್ಥ, ಬಂದುಹೋಗುವ ಭಕ್ತರು. ಆದರೆ ನನ್ನ ಬಾಲ್ಯದ ವರದಹಳ್ಳಿ ಮುಖ್ಯವಾಗಿ ಮಳೆಯ ವರದಹಳ್ಳಿ. ಆರಿದ್ರಾ ಮಳೆ ಹಿಡಿಯಿತೆಂದರೆ ತೋಟದ ಕೆಲಸ ನಿಲ್ಲುತ್ತಿತ್ತು. ಬಯಲಾಟದ ಮೇಳಗಳು ಅದಕ್ಕೂ ಮೊದಲೇ ಗೆಜ್ಜೆ ಬಿಚ್ಚಿರುತ್ತಿದ್ದವು. ಆಗ ಶುರುವಾಗುತ್ತಿತ್ತು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಒಂದು ಜಗುಲಿ, ಒಬ್ಬ ಭಾಗವತ, ಒಂದು ಮದ್ದಳೆ, ನಾಲ್ಕೈದು ಮಂದಿ ಮಾತುಗಾರರು. ಹೊರಗೆ ಹಂಚಿನ ಮೇಲೆ ಮಳೆ, ಒಳಗೆ ಕೃಷ್ಣಸಂಧಾನ. ನಮ್ಮ ಅಜ್ಜ ಅಂಥ ಕೂಟಗಳಲ್ಲಿ ಮದ್ದಳೆ ಬಾರಿಸುತ್ತಿದ್ದರು.

ಇದರಲ್ಲಿ ಒಂದು ತಮಾಷೆಯುಂಟು. ಚರ್ಮದ ವಾದ್ಯಕ್ಕೆ ಮಳೆಗಾಲದಂಥ ವೈರಿ ಇನ್ನೊಂದಿಲ್ಲ. ತೇವವನ್ನು ಹೀರಿ ಚರ್ಮ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಆದರೂ ಮಲೆನಾಡಿನಲ್ಲಿ ಮದ್ದಳೆಗೆ ಬಿಡುವಿಲ್ಲದ ಕಾಲವೆಂದರೆ ಅದೇ ಮಳೆಗಾಲ! ಆದ್ದರಿಂದ ನಮ್ಮ ಹಿರಿಯರಿಗೆ ವಾದ್ಯವನ್ನು ನೋಡಿಕೊಳ್ಳುವ ವಿದ್ಯೆ ಬಾರಿಸುವ ವಿದ್ಯೆಯೊಡನೆಯೇ ಬರುತ್ತಿತ್ತು. ಕೂಟಕ್ಕೆ ಮುನ್ನ ಕೆಂಡದ ಬಳಿ ಹಿಡಿದು ಮುಚ್ಚಿಗೆಯನ್ನು ಬೆಚ್ಚಗೆ ಮಾಡುವುದು, ಕೂಟ ಮುಗಿದಮೇಲೆ ಬಟ್ಟೆಯಲ್ಲಿ ಸುತ್ತಿ ಒಲೆಯ ಮೇಲಣ ಅಟ್ಟದಲ್ಲಿ ಹೊಗೆ ತಾಗುವಂತೆ ಇಡುವುದು—ಇವನ್ನು ಯಾರೂ ಪಾಠ ಮಾಡುತ್ತಿರಲಿಲ್ಲ.

ಅಜ್ಜ ತೀರಿಕೊಂಡ ಮೇಲೆ ಮದ್ದಳೆ ಆ ಅಟ್ಟದಲ್ಲಿಯೇ ಹನ್ನೆರಡು ವರ್ಷ ಉಳಿಯಿತು. ನಾನು ಪಿ.ಯು.ಸಿ.ಯಲ್ಲಿದ್ದಾಗ ನೆರೆಮನೆಯ ದೊಡ್ಡಪ್ಪನಿಂದ ನಾಲ್ಕು ಪಾಠ ಕಲಿತು, ಮಿಕ್ಕದ್ದನ್ನು ಮೊಬೈಲಿನಲ್ಲಿ ನೋಡಿ ಕಲಿತೆನೆಂದು ತಿಳಿದುಕೊಂಡು, ಹೊಸ ಮದ್ದಳೆ ತರಿಸಿಕೊಡಬೇಕೆಂದು ಅಪ್ಪನ ಬೆನ್ನು ಹತ್ತಿದೆ. ಅಂಗಡಿಯವನು ಕಳುಹಿಸಿದ ಚಿತ್ರವನ್ನೂ ತೋರಿಸಿದೆ. ಮೆರುಗೆಣ್ಣೆ ಬಳಿದು ಕನ್ನಡಿಯಂತೆ ಹೊಳೆಯುತ್ತಿತ್ತು. ಅಪ್ಪ ಬೆಲೆಯನ್ನು ನೋಡಿ ಏನೂ ಹೇಳಲಿಲ್ಲ. ಏಣಿ ತಂದು ಅಟ್ಟಕ್ಕೆ ಹಚ್ಚಿ, “ಮೊದಲು ಇದನ್ನು ಇಳಿಸು. ಇದು ಆಗುವುದಿಲ್ಲವೆಂದು ತಿಳಿದವರು ಹೇಳಿದರೆ ಅದನ್ನು ತರಿಸೋಣ” ಎಂದರು.

ತಿಳಿದವರೆಂದರೆ ಯಾರು? ಅಜ್ಜನ ಕಾಲದಲ್ಲಿ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಹೊಸನಗರದ ಕಡೆಯಿಂದ ಮದ್ದಳೆ ಕಟ್ಟುವವರೊಬ್ಬರು ಬರುತ್ತಿದ್ದರೆಂದು ಅಜ್ಜಿ ನೆನಪು ಮಾಡಿಕೊಂಡರು. ಎರಡು ದಿನ ವಿಚಾರಿಸಿದ ಮೇಲೆ ಅವರು ಇದ್ದಾರೆಂದು ಗೊತ್ತಾಯಿತು. ಬೇಸಿಗೆ ರಜೆಯ ಒಂದು ಬೆಳಿಗ್ಗೆ ಬಸ್ಸಿನಿಂದ ಇಳಿದು ಬಂದರು; ಎಪ್ಪತ್ತು ದಾಟಿದ ವಯಸ್ಸು, ಕೈಯಲ್ಲೊಂದು ಗೋಣಿಚೀಲ. ಮದ್ದಳೆಯನ್ನು ಮಡಿಲಲ್ಲಿಟ್ಟುಕೊಂಡು, ಮುಚ್ಚಿಗೆಗಳನ್ನು ನೋಡುವ ಗೋಜಿಗೇ ಹೋಗದೆ, ಮರದ ಮೈಯನ್ನು ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟುತ್ತ ಕಿವಿಗೊಟ್ಟರು. ಆಮೇಲೆ ಹೇಳಿದರು:

“ಮರ ಗಟ್ಟಿ ಐತೆ ಸಣ್ಣ ಹೆಗಡೇರೇ. ಚರ್ಮ ಹೋಗೈತೆ. ಚರ್ಮ ಹೋಗೋದೇ ಸೈ.”

ಆ ಮಾತಿನಲ್ಲಿ ನನ್ನ ಇಡೀ ಲೇಖನವಿದೆ. ಮದ್ದಳೆಯೆಂದರೆ ಹಲಸಿನ ಮರದ ಒಂದು ಕಳಸಿಗೆ, ಅದರ ಎರಡು ಬಾಯಿಗಳಿಗೆ ಎರಡು ಮುಚ್ಚಿಗೆ, ಅವನ್ನು ಎಳೆದು ಹಿಡಿಯುವ ಬಾರು, ಬಲಗಡೆಯ ನಡುವೆ ಕಪ್ಪು ಕರ್ಣೆ. ಇವುಗಳಲ್ಲಿ ಮುಚ್ಚಿಗೆ, ಬಾರು, ಕರ್ಣೆ ಈ ಮೂರೂ ಸವೆಯತಕ್ಕವು. ಬಾರಿಸಿದಷ್ಟೂ ಸವೆಯುವುವು, ಬಾರಿಸದಿದ್ದರೆ ಇನ್ನೂ ಬೇಗ ಕೆಡುವುವು. ಕಳಸಿಗೆಯೊಂದೇ ಬಾಳತಕ್ಕದ್ದು. ನಾವು ‘ಹಾಳಾದ ಮದ್ದಳೆ’ ಎನ್ನುವುದು ಬಹುಮಟ್ಟಿಗೆ ಚರ್ಮ ಹಾಳಾದ ಮದ್ದಳೆ. ಅಂಗಿ ಹರಿದುದಕ್ಕಾಗಿ ಮನುಷ್ಯನನ್ನು ಬದಲಾಯಿಸುವವರುಂಟೇ?

ಕೆಲಸ ಎರಡು ದಿನ ನಡೆಯಿತು. ನಾನು ಅವರ ಎದುರಿಗೆ ಕುಳಿತು ನೋಡಿದೆ, ಹೇಳಿದುದನ್ನು ಮಾಡಿಕೊಟ್ಟೆ. ಬಾರು ಬಿಚ್ಚಿ, ಹಳೆಯ ಮುಚ್ಚಿಗೆಗಳನ್ನು ಕಳಚಿ, ಕಳಸಿಗೆಯ ಒಳಗಣ ಹನ್ನೆರಡು ವರ್ಷದ ಮಸಿಯನ್ನು ಕೆರೆದು ತೆಗೆದೆವು. ಹುಳು ಕೊರೆದ ಎರಡು ತೂತುಗಳಿಗೆ ಅಂಟಿನಲ್ಲಿ ಕಲಸಿದ ಮರದ ಹುಡಿಯನ್ನು ತುಂಬಿ ಉಜ್ಜಿದೆವು. ಮೈಗೆ ಎಣ್ಣೆ ಸವರಿದೆವು. ಹೊಸ ಚರ್ಮವನ್ನು ನೆನೆಯಿಸಿ, ಬಾಯಿಗೆ ಹೊಂದಿಸಿ, ಬಾರಿನಿಂದ ಎಳೆದು ಕಟ್ಟಿದ್ದು ಮೊದಲನೆಯ ದಿನ. ಒಮ್ಮೆಗೇ ಎಳೆಯುವಂತಿಲ್ಲ. ಸ್ವಲ್ಪ ಎಳೆದು, ಒಣಗಲು ಬಿಟ್ಟು, ಮತ್ತೆ ಎಳೆಯಬೇಕು. ಒಂದು ಕಡೆ ಹೆಚ್ಚಾದರೆ ನಾದವು ಮೂಲೆ ಹಿಡಿಯುತ್ತದೆ.

ಎರಡನೆಯ ದಿನ ಕರ್ಣೆ. ಕಬ್ಬಿಣದ ಕಿಟ್ಟದಂಥ ಕರಿಯ ಕಲ್ಲಿನ ನುಣ್ಣನೆಯ ಹುಡಿಯನ್ನು ಅನ್ನದೊಡನೆ ಅರೆದು, ತೆಳುವಾಗಿ ಒಂದು ಪದರ ಹಚ್ಚಿ, ನುಣುಪು ಕಲ್ಲಿನಿಂದ ಅದು ಒಣಗುವ ತನಕ ತಿಕ್ಕುವುದು. ಅದರ ಮೇಲೆ ಇನ್ನೊಂದು ಪದರ, ಮತ್ತೆ ತಿಕ್ಕುವುದು. ಒಂದೊಂದು ಪದರವೂ ಹಿಂದಿನದಕ್ಕಿಂತ ಸ್ವಲ್ಪ ಕಿರಿದು. ಮಧ್ಯಾಹ್ನದ ಹೊತ್ತಿಗೆ ನನ್ನ ರಟ್ಟೆ ಬಿದ್ದುಹೋಯಿತು. ಆ ಹಿರಿಯರ ಕೈ ಸಂಜೆಯವರೆಗೂ ನಿಲ್ಲಲಿಲ್ಲ. ಕೊನೆಗೆ ಅಂಚನ್ನು ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ಒಂದು ಪೆಟ್ಟು ಬಾರಿಸಿದರು. ಒಳಗೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ಮೊರವನ್ನು ಬಿಟ್ಟು ಹೊರಗೆ ಬಂದರು. ಏನನ್ನೂ ಹೇಳಲಿಲ್ಲ, ಬಾಗಿಲಲ್ಲಿ ನಿಂತು ಕೇಳಿ ಒಳಗೆ ಹೋದರು. ಖರ್ಚು ಹೊಸ ಮದ್ದಳೆಯ ಬೆಲೆಯ ಮೂರರಲ್ಲೊಂದು ಪಾಲೂ ಆಗಲಿಲ್ಲ.

ವಿಜ್ಞಾನವನ್ನು ಬಲ್ಲ ಅಧ್ಯಾಪಕರು ಈ ಕರ್ಣೆಯ ವಿಷಯದಲ್ಲಿ ನನಗಿಂತ ಚೆನ್ನಾಗಿ ಹೇಳಬಲ್ಲರು. ಬರಿಯ ಚರ್ಮವನ್ನು ದುಂಡನೆಯ ಬಾಯಿಗೆ ಬಿಗಿದು ಬಡಿದರೆ ಹುಟ್ಟುವ ಉಪನಾದಗಳು ಮೂಲನಾದದ ೧.೫೯ ರಷ್ಟು, ೨.೧೪ ರಷ್ಟು, ಹೀಗೆ ಒಂದಕ್ಕೊಂದು ಹೊಂದದ ಪ್ರಮಾಣದಲ್ಲಿರುತ್ತವೆ. ಆದ್ದರಿಂದ ಅದು ಸದ್ದೇ ಹೊರತು ಸ್ವರವಲ್ಲ. ನಡುವೆ ಕರ್ಣೆಯ ಭಾರವನ್ನಿಟ್ಟಾಗ ಆ ಉಪನಾದಗಳು ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂಬ ಒಪ್ಪವಾದ ಶ್ರೇಣಿಗೆ ಬಂದು ಕೂಡುತ್ತವೆ, ಚರ್ಮ ಹಾಡತೊಡಗುತ್ತದೆ. ಇದನ್ನು ಮೃದಂಗ ತಬಲಗಳ ವಿಷಯದಲ್ಲಿ ಮೊದಲು ಸಾರಿದವರು ಸರ್ ಸಿ. ವಿ. ರಾಮನ್. ೧೯೨೦ರಲ್ಲಿ ಒಂದು ಪುಟ್ಟ ಲೇಖನವನ್ನೂ, ಬೆಂಗಳೂರಿಗೆ ಬಂದ ಮೇಲೆ ೧೯೩೪ರಲ್ಲಿ ಒಂದು ವಿಸ್ತಾರವಾದ ಲೇಖನವನ್ನೂ ಅವರು ಪ್ರಕಟಿಸಿದರು. ಅದೇ ೧೯೩೪ರಲ್ಲಿ, ನಮ್ಮ ಘಟ್ಟದ ಕೆಳಗೆ, ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದರೆಂಬುದು ನೆನೆಯಲು ಸೊಗಸಾಗಿದೆ. ಒಬ್ಬರು ಚರ್ಮವಾದ್ಯದ ಗುಟ್ಟನ್ನು ಬರೆಯುತ್ತಿದ್ದರು, ಇನ್ನೊಬ್ಬರು ಅದನ್ನು ರಂಗದ ಮೇಲೆ ನುಡಿಸಲು ಏರ್ಪಡಿಸುತ್ತಿದ್ದರು. ಇಬ್ಬರಿಗೂ ಬಹಳ ಮೊದಲೇ, ಹೆಸರು ಗೊತ್ತಿಲ್ಲದ ಯಾರೋ ಒಬ್ಬರು ಅನ್ನವನ್ನೂ ಕಲ್ಲಿನ ಹುಡಿಯನ್ನೂ ಅರೆದು, ಪದರದ ಮೇಲೆ ಪದರ ತಿಕ್ಕಿ, ಕಿವಿಯೊಂದನ್ನೇ ಅಳತೆಗೋಲಾಗಿ ಮಾಡಿಕೊಂಡು ಇದನ್ನು ಸಾಧಿಸಿದ್ದರು.

ಈಗ ಗೆಳೆಯರ ಆಕ್ಷೇಪಣೆಗಳಿಗೆ ಬರುತ್ತೇನೆ. ‘ಹೊಸದನ್ನು ತಂದರೆ ಹತ್ತು ವರ್ಷ ಚಿಂತೆಯಿಲ್ಲ’ ಎಂದು ಒಬ್ಬ ಮಿತ್ರರು ಹೇಳಿದರು. ಚಿಂತೆಯಿದೆ. ಹೊಸ ಮದ್ದಳೆಯ ಮುಚ್ಚಿಗೆಯೂ ಚರ್ಮವೇ, ಅದೂ ಮಲೆನಾಡಿನ ಮಳೆಯನ್ನೇ ಕುಡಿಯುವುದು. ಹತ್ತು ವರ್ಷವಲ್ಲ, ಎರಡು ಮಳೆಗಾಲ ಯಾರೂ ನೋಡದೆ ಬಿಟ್ಟರೆ ಅದು ಇಂದಿನ ಹಳೆಯ ಮದ್ದಳೆಯ ಪಕ್ಕದಲ್ಲಿ ಮಲಗುತ್ತದೆ. ಕಟ್ಟಿಸುವ ಏರ್ಪಾಡಿಲ್ಲದೆ ಕೊಳ್ಳುವುದೆಂದರೆ ಉಗ್ರಾಣಕ್ಕೆ ಮುಂಗಡ ಕೊಟ್ಟಂತೆ.

‘ಎಲ್ಲವನ್ನೂ ದುರಸ್ತಿ ಮಾಡಲು ಬರುತ್ತದೆಯೇ?’ ಎಂದು ಇನ್ನೊಬ್ಬರು ಕೇಳಿದರು. ಬರುವುದಿಲ್ಲ, ಇದನ್ನು ನಾನು ಒಪ್ಪುತ್ತೇನೆ. ಕಳಸಿಗೆ ಬಾಯಿಯಿಂದ ಬಾಯಿಗೆ ಸೀಳಿದ್ದರೆ ಅದು ಬಿಗಿತವನ್ನು ತಡೆಯಲಾರದು. ಹುಳು ತಿಂದು ಒಳಗೆ ಟೊಳ್ಳಾಗಿದ್ದರೆ ಹೊಸ ಚರ್ಮದ ಖರ್ಚು ವ್ಯರ್ಥ. ಬಾಯಿಯ ಅಗಲಕ್ಕೂ ಶ್ರುತಿಗೂ ಸಂಬಂಧವುಂಟು. ದೊಡ್ಡ ಬಾಯಿಯ ಮದ್ದಳೆಯನ್ನು ಏರುಶ್ರುತಿಯ ಭಾಗವತರಿಗಾಗಿ ಅಳತೆ ಮೀರಿ ಬಿಗಿದರೆ ಅದು ಕಿರಿಚುತ್ತದೆ, ಕೊನೆಗೆ ಹರಿಯುತ್ತದೆ. ನಮ್ಮ ಉಗ್ರಾಣದ ಚೆಂಡೆಯನ್ನು ನಾನು ನನ್ನ ಕೈಲಾದಷ್ಟು ಪರೀಕ್ಷಿಸಿದ್ದೇನೆ. ಅದರ ಮೈಯಲ್ಲಿ ಬೆರಳು ತೂರುವಷ್ಟು ಬಿರುಕಿದೆ. ಅದರ ಪರವಾಗಿ ನಾನು ವಕಾಲತ್ತು ವಹಿಸಲಾರೆ. ಹೊಸ ಚೆಂಡೆಗೆ ನನ್ನ ಕೈಯೂ ಏಳುತ್ತದೆ. ಆದರೆ ಮದ್ದಳೆಯ ಮರ ತಟ್ಟಿದರೆ ಘಂಟೆಯಂತೆ ನುಡಿಯುತ್ತದೆ. ಜೋಡಿಯಲ್ಲಿ ಒಂದು ಕೆಟ್ಟಿತೆಂದು ಎರಡನ್ನೂ ಹೊರಗೆ ಹಾಕುವುದು ನ್ಯಾಯವಲ್ಲ.

‘ಚರ್ಮವೇ ಏಕೆ? ಕೃತಕ ಮುಚ್ಚಿಗೆಗಳು ಬಂದಿವೆಯಲ್ಲ’ ಎಂಬುದು ಮೂರನೆಯ ಪ್ರಶ್ನೆ. ಹೌದು, ಬೆಂಗಳೂರಿನ ಡಾ॥ ಕೆ. ವರದರಂಗನ್ ಅವರು ಅಂಥ ಮೃದಂಗವನ್ನು ರೂಪಿಸಿದ್ದಾರೆ. ಜೀವದಯೆಯಿಂದ ಚರ್ಮವನ್ನು ಬಿಡುವವರಿಗೆ ನನ್ನ ಗೌರವವಿದೆ. ಆದರೆ ನಮ್ಮಲ್ಲಿ ಕೆಲವರು ಚರ್ಮಕ್ಕೆ ಹೇಸುವುದು ಪಶುವಿನ ಮೇಲಣ ಕನಿಕರದಿಂದಲ್ಲ, ಮೈಲಿಗೆಯ ಅಂಜಿಕೆಯಿಂದ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇಲ್ಲಿ ನಮ್ಮ ಮನೆಯ ಅಂಗಳದ ಕಥೆಯನ್ನು ಪೂರ್ತಿ ಮಾಡಬೇಕು. ಅಜ್ಜನ ಕಾಲದಲ್ಲಿ ಆ ಹಿರಿಯರು ಕೆಲಸ ಮಾಡುತ್ತಿದ್ದುದು ಅಂಗಳದಲ್ಲಿ; ಉಣ್ಣುತ್ತಿದ್ದುದೂ ಅಂಗಳದಲ್ಲಿ. ಅವರು ಬಿಗಿದು ಕೊಟ್ಟ ಚರ್ಮವು ಸಂಜೆ ಅಜ್ಜನ ಮಡಿಲೇರಿ ಜಗುಲಿಯ ಮೇಲೆ ಕೂರುತ್ತಿತ್ತು, ಗಣಪತಿಸ್ತುತಿಗೆ ಮೊದಲ ಪೆಟ್ಟು ಅದರ ಮೇಲೆಯೇ ಬೀಳುತ್ತಿತ್ತು. ಬಿಗಿದವರು ಮಾತ್ರ ಮೆಟ್ಟಿಲ ಕೆಳಗೆ. ನನ್ನ ಅಜ್ಜ ಕೆಟ್ಟವರಲ್ಲ. ಆ ಮನುಷ್ಯನ ಕೈಕೆಲಸವನ್ನು ಊರೆಲ್ಲ ಹೊಗಳಿಕೊಂಡು ಬರುತ್ತಿದ್ದರಂತೆ. ಆದರೂ ಅದು ಹಾಗೆಯೇ ನಡೆಯಿತು. ಕಳೆದ ಬೇಸಿಗೆಯಲ್ಲಿ ಅಮ್ಮ ಜಗುಲಿಯ ಮೇಲೆ ಚಾಪೆ ಹಾಸಿ, “ಇಲ್ಲೇ ಕೂರಿ” ಎಂದರು. ಅವರು ಚಾಪೆಯನ್ನು ನೋಡಿ, “ಕೆಲಸಕ್ಕೆ ಅಂಗಳದ ಬೆಳಕೇ ಬೇಕು ಅಮ್ಮಾ” ಎಂದು ಹೇಳಿ ಅಂಗಳದಲ್ಲೇ ಕುಳಿತರು. ಬೆಳಕಿಗಾಗಿ ಹಾಗೆ ಹೇಳಿದರೋ, ಐವತ್ತು ವರ್ಷದ ಅಭ್ಯಾಸದಿಂದ ಹೇಳಿದರೋ, ನಾನು ಕೇಳಲಿಲ್ಲ. ಊಟಕ್ಕೆ ಮಾತ್ರ ಅಪ್ಪ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಬಡಿಸಿದವರು ಅಜ್ಜಿ.

ನಮ್ಮ ಸಾಗರವು ಗುಡಿಗಾರರ ಗಂಧದ ಕೆತ್ತನೆಗೆ ಹೆಸರಾದ ಊರು. ಆ ಕಲೆಗೆ ಗಾಜಿನ ಕಪಾಟುಗಳಿವೆ, ಪ್ರಶಸ್ತಿಗಳಿವೆ, ಇರಬೇಕಾದದ್ದೇ. ಮದ್ದಳೆ ಕಟ್ಟುವ ಕೈಗೆ ಯಾವ ಕಪಾಟಿದೆ? ಭಾಗವತರಿಗೆ ಶಾಲು ಹೊದಿಸುತ್ತೇವೆ, ಮದ್ದಳೆಗಾರರಿಗೆ ಹಾರ ಹಾಕುತ್ತೇವೆ; ಮದ್ದಳೆ ಮಾಡಿದವರಾರೆಂದು ಕೇಳುವುದಿಲ್ಲ. ಇದು ನಮ್ಮೂರಿನ ದೋಷವಷ್ಟೇ ಅಲ್ಲ. ತಮಿಳುನಾಡಿನ ಮೃದಂಗ ತಯಾರಕರ ಬಾಳನ್ನು ಕುರಿತು ಗಾಯಕ ಟಿ. ಎಂ. ಕೃಷ್ಣ ಅವರು ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕವನ್ನು ೨೦೨೦ರಲ್ಲಿ ಹೊರತಂದಾಗ, ಹೆಸರಾಂತ ವಿದ್ವಾಂಸರ ಮೃದಂಗಗಳ ಹಿಂದೆ ಹೆಸರಿಲ್ಲದೆ ದುಡಿದ ಮನೆತನಗಳ ವಿಷಯ ಅನೇಕ ರಸಿಕರಿಗೆ ಮೊದಲ ಸಲ ತಿಳಿಯಿತು.

ಹೊರಡುವಾಗ ಆ ಹಿರಿಯರನ್ನು ಕೇಳಿದೆ, ಈ ಕೆಲಸ ಮುಂದೆ ಯಾರು ಮಾಡುತ್ತಾರೆಂದು. ಮಗನಿಗೆ ಬರುತ್ತದೆಯಂತೆ, ಆದರೆ ಆತ ಶಿವಮೊಗ್ಗದಲ್ಲಿ ಸರಕು ಸಾಗಿಸುವ ಆಟೋ ಓಡಿಸುತ್ತಾನೆ. “ಕರೆಯೋರು ಇದ್ರೆ ಬತ್ತಾನೆ. ವರ್ಷಕ್ಕೆ ನಾಲ್ಕು ಮದ್ದಳೆ ನಂಬ್ಕಂಡು ಯಾರು ಕೂರ್ತಾರೆ?” ಎಂದರು. ಅದರಲ್ಲಿ ದೂರಿನ ಧಾಟಿಯಿರಲಿಲ್ಲ, ಲೆಕ್ಕ ಹೇಳಿದಂತಿತ್ತು. ಆ ಲೆಕ್ಕವನ್ನು ಬದಲಾಯಿಸುವುದು ನಮ್ಮಂಥವರ ಕೈಯಲ್ಲಿದೆ. ಈ ಮೂರು ತಾಲ್ಲೂಕುಗಳ, ಸಾಗರ ಹೊಸನಗರ ತೀರ್ಥಹಳ್ಳಿಗಳ, ಶಾಲೆ ಕಾಲೇಜು ಸಂಘಗಳ ಉಗ್ರಾಣಗಳಲ್ಲಿ ಬಿದ್ದಿರುವ ವಾದ್ಯಗಳನ್ನೆಲ್ಲ ಹೊರಗೆ ತೆಗೆದರೆ ಅಂಥ ಒಬ್ಬ ಮಗನಿಗೆ ವರ್ಷದಲ್ಲಿ ಕೆಲವು ತಿಂಗಳ ಕೆಲಸವಾದರೂ ಆಗಬಹುದಲ್ಲವೇ?

ಕೊನೆಯ ತೊಡಕು ಕಾಗದದ್ದು. ಹೊಸದನ್ನು ಕೊಂಡರೆ ಅಂಗಡಿಯ ಮುದ್ರಿತ ರಸೀದಿ ಸಿಗುತ್ತದೆ; ಮೂರು ದರಪಟ್ಟಿಗಳನ್ನು ತರಿಸಬಹುದು; ಲೆಕ್ಕ ತಪಾಸಣೆಯವರಿಗೆ ತೃಪ್ತಿಯಾಗುತ್ತದೆ. ಗೋಣಿಚೀಲ ಹಿಡಿದು ಬಸ್ಸಿನಲ್ಲಿ ಬರುವವರು ರಸೀದಿ ಪುಸ್ತಕವನ್ನು ಎಲ್ಲಿಂದ ತಂದಾರು? ನಮ್ಮ ಸಭೆಯಲ್ಲಿ ಎಲ್ಲರೂ ಮರವನ್ನೂ ಚರ್ಮವನ್ನೂ ಕುರಿತು ವಾದಿಸಿದರೂ, ನಿಜವಾಗಿ ಗೆದ್ದದ್ದು ಈ ರಸೀದಿಯೆಂದು ನನ್ನ ಗುಮಾನಿ. ನಿಯಮಗಳನ್ನು ನಾನು ಹಳಿಯುವುದಿಲ್ಲ. ಸಾರ್ವಜನಿಕರ ಹಣಕ್ಕೆ ಲೆಕ್ಕ ಬೇಕೇ ಬೇಕು. ಆದರೆ ಉಪನ್ಯಾಸಕ್ಕೆ ಬಂದ ಅತಿಥಿಗಳಿಗೆ ಸಹಿ ಪಡೆದು ಗೌರವಧನವನ್ನು ಕೊಡುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಎರಡು ದಿನ ವಿದ್ಯಾರ್ಥಿಗಳ ಎದುರಿಗೆ ಮದ್ದಳೆ ಕಟ್ಟಿ ತೋರಿಸುವವರು ಉಪನ್ಯಾಸಕರಲ್ಲವೇ? ನಾನು ಪದವಿ ತರಗತಿಗೆ ಬಂದ ಮೇಲೆ ಕೇಳಿದ ಪಾಠಗಳಲ್ಲಿ, ಅಂಗಳದಲ್ಲಿ ಕುಳಿತು ಕೇಳಿದ ಆ ಪಾಠಕ್ಕೆ ಸಮನಾದವು ಬಹಳವಿಲ್ಲ. ಅಧ್ಯಾಪಕರು ಮನ್ನಿಸಬೇಕು.

ಆದ್ದರಿಂದ ಪ್ರಾಚಾರ್ಯರಲ್ಲಿಯೂ ಸಂಘದ ಪದಾಧಿಕಾರಿಗಳಲ್ಲಿಯೂ ನನ್ನ ವಿನಂತಿ ಇಷ್ಟು. ದರಪಟ್ಟಿಗಳನ್ನು ತರಿಸುವ ಮೊದಲು ತಿಳಿದವರೊಬ್ಬರನ್ನು ಕರೆಸಿ ಆ ಎರಡು ವಾದ್ಯಗಳನ್ನು ತೋರಿಸಿ. ಮದ್ದಳೆಯನ್ನು ಕಟ್ಟಿಸಿ, ಚೆಂಡೆ ಆಗುವುದಿಲ್ಲವೆಂದರೆ ಹೊಸದನ್ನು ತನ್ನಿ. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ವಾದ್ಯಗಳ ದುರಸ್ತಿಗೆಂದು ಒಂದಿಷ್ಟು ಹಣವನ್ನು ಬೇರೆ ತೆಗೆದಿಡಿ. ವಾದ್ಯಗಳನ್ನು ನೋಡಿಕೊಳ್ಳುವ ಹೊಣೆಯನ್ನು ಇಬ್ಬರು ವಿದ್ಯಾರ್ಥಿಗಳಿಗೆ ವಹಿಸಿ. ಒಬ್ಬನಾಗಲು ನಾನು ಸಿದ್ಧನಿದ್ದೇನೆ. ಕಟ್ಟುವ ಕೆಲಸವು ಕೋಣೆಯ ಹಿಂದೆಯಲ್ಲ, ನಮ್ಮ ಸಭಾಂಗಣದಲ್ಲಿ ನಡೆಯಲಿ. ಅಲ್ಲಿ ಬೆಳಕು ಚೆನ್ನಾಗಿದೆ. ವಾರ್ಷಿಕೋತ್ಸವದ ದಿನ ಭಾಗವತರ ಹೆಸರಿನೊಡನೆ ಮದ್ದಳೆ ಕಟ್ಟಿದವರ ಹೆಸರನ್ನೂ ಕರಪತ್ರದಲ್ಲಿ ಅಚ್ಚು ಹಾಕಿಸಿ, ಮುಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ ಹಾಕಿ.

ದಾಸ್ತಾನು ಪುಸ್ತಕದಲ್ಲಿ ಯಾವ ತಿದ್ದುಪಡಿಯೂ ಬೇಕಾಗುವುದಿಲ್ಲ. ‘ಸುಸ್ಥಿತಿಯಲ್ಲಿದೆ’ ಎಂದು ಅದರಲ್ಲಿ ಈಗಾಗಲೇ ಬರೆದಿದೆ. ಮದ್ದಳೆಯ ಮಟ್ಟಿಗಾದರೂ ಆ ಮಾತನ್ನು ನಾವು ನಿಜ ಮಾಡಬಹುದು.